ಒಬ್ಬಳಿಗಾಗಿ ಇಪ್ಪತ್ತೆರಡು ಅಕ್ಷರ

ಮಿಲಾಸೆನ್ ಎಂಬ ಔಷಧಿಯನ್ನು ಈ ಭೂಮಿಯ ಮೇಲೆ ತೆಗೆದುಕೊಂಡವಳು ಒಬ್ಬಳೇ. ಆಗ ಅವಳಿಗೆ ಏಳು ವರ್ಷ. ಅವಳಿಗಿಂತ ಮುಂಚೆ ಅದು ಯಾರ ಮೈಗೂ ಸೇರಿರಲಿಲ್ಲ, ಅವಳ ನಂತರವೂ ಸೇರಿಲ್ಲ. ನನಗೋ ನಿಮಗೋ ಕೊಟ್ಟರೆ ಅದಕ್ಕೆ ನಮ್ಮೊಳಗೆ ಮಾಡಲು ಕೆಲಸವೇ ಇರುವುದಿಲ್ಲ.

ಮೆಡಿಕಲ್ ಸ್ಟೋರಿಗೆ ಒಗ್ಗಿದ ತಲೆಗೆ ಇದು ಸಲೀಸಾಗಿ ಹಿಡಿಯುವ ಮಾತಲ್ಲ. ಅಂಗಡಿಯವನು ಜ್ವರ ದೊಡ್ಡವರಿಗೋ ಮಕ್ಕಳಿಗೋ ಎಂದು ಕೇಳಿಯಾನು, ಹೆಸರೇನು ಎಂದು ಕೇಳುವುದಿಲ್ಲ. ಕೋಟಿ ಜನಕ್ಕೆ ಒಂದೇ ಗುಳಿಗೆ ಆಗುತ್ತದೆ ಎಂಬ ನಂಬಿಕೆಯ ಮೇಲೆ ಇಡೀ ಆಧುನಿಕ ವೈದ್ಯ ನಿಂತಿದೆ. ಸಾವಿರಾರು ಮಂದಿಗೆ ಕೊಟ್ಟು ನೋಡಿ, ಸರಾಸರಿ ತೆಗೆದು, ಆಮೇಲೆ ಪೇಟೆಗೆ ಬಿಡುವುದು ಅದರ ಶಿಸ್ತು. ಆ ಶಿಸ್ತಿನಲ್ಲಿ ಒಂದು ಎಂಬ ಸಂಖ್ಯೆಗೆ ಕಿಮ್ಮತ್ತಿಲ್ಲ. ಅಂಥದ್ದರಲ್ಲಿ ಬಾಸ್ಟನ್ ಮಕ್ಕಳ ಆಸ್ಪತ್ರೆಯ ತಿಮೋತಿ ಯು ಎಂಬ ನರವೈದ್ಯರು, ತಳಿವಿಜ್ಞಾನಿಯೂ ಹೌದು, ಒಬ್ಬ ಹುಡುಗಿಗಾಗಿ ಒಂದು ಔಷಧಿಯನ್ನು ಬರೆದರು. ತಯಾರಿಸಿದರು ಎನ್ನುವ ಬದಲು ಬರೆದರು ಎಂದರೇ ಸರಿ. ಅದರಲ್ಲಿರುವುದು ಡಿಎನ್‌ಎ ಭಾಷೆಯ ಇಪ್ಪತ್ತೆರಡು ಅಕ್ಷರ. ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡರೂ ಜಾಗ ಉಳಿಯುತ್ತದೆ.

ಮಿಲಾ ಎಂಬುದು ಆ ಹುಡುಗಿಯ ಹೆಸರು. ಔಷಧಿಗೆ ಹೆಸರು ಬಂದದ್ದು ಅವಳಿಂದಲೇ. ಅಮೆರಿಕದ ಕೊಲರಾಡೊ ರಾಜ್ಯದವಳು. ಮೂರನೇ ವರ್ಷಕ್ಕೆ ಅವಳ ಬಲಪಾದ ಒಳಗೆ ತಿರುಗತೊಡಗಿತು. ನಾಲ್ಕಕ್ಕೆ ಮಾತು ತೊದಲಿತು. ಐದಕ್ಕೆ ಚಿತ್ರಪುಸ್ತಕವನ್ನು ಮುಖಕ್ಕೆ ತೀರ ಹತ್ತಿರ ಹಿಡಿಯುತ್ತಿದ್ದಳು, ನಡೆಯುವಾಗ ಎಡವುತ್ತಿದ್ದಳು. ಒಂದೊಂದನ್ನೇ ಬಿಡಿಬಿಡಿಯಾಗಿ ನೋಡಿದರೆ ಯಾವ ತಾಯಿಯಾದರೂ ಸಮಾಧಾನ ಹೇಳಿಕೊಳ್ಳಬಹುದಾದಂಥ ಸಂಗತಿಗಳು. 2016ರ ಕೊನೆಗೆ ವೈದ್ಯರು ಇವೆಲ್ಲವನ್ನೂ ಒಂದು ಹೆಸರಿನಡಿ ತಂದರು: ಬ್ಯಾಟನ್ ಕಾಯಿಲೆ. ಜೀವಕೋಶ ತನ್ನ ಕಸವನ್ನು ತಾನೇ ವಿಲೇವಾರಿ ಮಾಡಿಕೊಳ್ಳಲಾಗದೆ, ಅದು ಒಳಗೇ ಪೇರಿಕೊಂಡು, ನರಕೋಶಗಳು ಒಂದೊಂದಾಗಿ ಸಾಯುತ್ತವೆ. ದೃಷ್ಟಿ, ಮಾತು, ನಡಿಗೆ, ನುಂಗುವ ಶಕ್ತಿ, ಕೊನೆಗೆ ಜೀವ. ಇದಕ್ಕೆ ಮದ್ದಿರಲಿಲ್ಲ.

ಈ ಕಾಯಿಲೆ ಬರಬೇಕಾದರೆ ತಂದೆಯಿಂದ ಬಂದ ಜೀನ್ ಪ್ರತಿಯೂ ಕೆಟ್ಟಿರಬೇಕು, ತಾಯಿಯಿಂದ ಬಂದ ಪ್ರತಿಯೂ ಕೆಟ್ಟಿರಬೇಕು. ಒಂದು ಸರಿಯಿದ್ದರೆ ಸಾಕು, ಕೆಲಸ ನಡೆದುಹೋಗುತ್ತದೆ. ಮಿಲಾಳ ಪರೀಕ್ಷೆಯಲ್ಲಿ ಎಂಎಫ್‌ಎಸ್‌ಡಿ8 ಎಂಬ ಜೀನಿನ ತಂದೆಯ ಪ್ರತಿಯಲ್ಲಿ ತಪ್ಪು ಸಿಕ್ಕಿತು. ತಾಯಿಯ ಪ್ರತಿಯಲ್ಲಿ ಏನೂ ಕಾಣಲಿಲ್ಲ. ಅದೇ ದೊಡ್ಡ ಗೋಜಲು. ಎರಡನೇ ತಪ್ಪು ಎಲ್ಲಿದೆಯೆಂದು ಗೊತ್ತಾಗದೆ ಮನೆಯಲ್ಲಿದ್ದ ಪುಟ್ಟ ತಮ್ಮನ ಭವಿಷ್ಯವೇನು ಎಂದು ಯಾರೂ ಹೇಳುವಂತಿರಲಿಲ್ಲ. 2017ರ ಜನವರಿಯಲ್ಲಿ ತಾಯಿ ಫೇಸ್‌ಬುಕ್ಕಿನಲ್ಲಿ ಮೊರೆಯಿಟ್ಟರು: ಮಗಳ ಜೀನೋಮನ್ನು ಪೂರ್ತಿ ಓದಬಲ್ಲ ಪ್ರಯೋಗಾಲಯ ಯಾರಿಗಾದರೂ ಗೊತ್ತೇ? ಅದು ಕೈಯಿಂದ ಕೈಗೆ ದಾಟಿ ಬಾಸ್ಟನ್ನಿನಲ್ಲಿ ಯು ಅವರ ಪತ್ನಿಯ ಕಣ್ಣಿಗೆ ಬಿತ್ತು. ಆಕೆ ಗಂಡನಿಗೆ ತೋರಿಸಿದರು.

ಪೂರ್ತಿ ಓದುವುದೆಂದರೆ 300 ಕೋಟಿ ಅಕ್ಷರ. ಯಂತ್ರ ಅದನ್ನು ಒಂದೇ ಉಸಿರಿಗೆ ಓದುವುದಿಲ್ಲ. ನೂರು, ನೂರೈವತ್ತು ಅಕ್ಷರಗಳ ತುಂಡುಗಳಾಗಿ ಓದಿ, ಆ ಕೋಟ್ಯಂತರ ತುಂಡುಗಳನ್ನು ಮಾದರಿ ಜೀನೋಮಿನ ಮೇಲೆ ಹೊಂದುವ ಜಾಗ ನೋಡಿ ಕೂರಿಸುತ್ತದೆ. ಕಂಪ್ಯೂಟರ್ ಪರದೆಯಲ್ಲಿ ಅದು ಒಂದರ ಕೆಳಗೊಂದು ಜೋಡಿಸಿದ ಗೆರೆಗಳ ಹಾಗೆ ಕಾಣುತ್ತದೆ. ತಪ್ಪು ಹುಡುಕುವ ಸಾಫ್ಟ್‌ವೇರ್ ಹೆಚ್ಚಾಗಿ ಒಂದು ಅಕ್ಷರ ಬದಲಾದದ್ದನ್ನು, ಎರಡು ಅಕ್ಷರ ಬಿಟ್ಟುಹೋದದ್ದನ್ನು ಹಿಡಿಯುತ್ತದೆ. ಮಿಲಾಳಲ್ಲಿ ಅಂಥದ್ದೇನೂ ಸಿಗಲಿಲ್ಲ. ಆಮೇಲೆ ತಂಡದವರು ಆ ಜೀನಿನ ಗೆರೆಗಳನ್ನು ಕಣ್ಣಿಂದಲೇ ನೋಡುತ್ತ ಹೋದರು. ಒಂದು ಜಾಗದಲ್ಲಿ ಕೆಲವು ತುಂಡುಗಳ ಸ್ವಭಾವ ವಿಚಿತ್ರವಾಗಿತ್ತು. ಒಂದು ಕೊನೆ ಈ ಜೀನಿಗೆ ಸರಿಯಾಗಿ ಹೊಂದುತ್ತಿತ್ತು, ಇನ್ನೊಂದು ಕೊನೆ ಇಲ್ಲಿಗೆ ಹೊಂದದೆ ಜೀನೋಮಿನ ಎಲ್ಲೆಲ್ಲಿಗೋ, ನೂರಾರು ಕಡೆಗೆ ಹೊಂದುತ್ತಿತ್ತು. ಅಂದರೆ ಇದ್ದದ್ದು ಕೆಟ್ಟಿರಲಿಲ್ಲ. ಹೊರಗಿನದೊಂದು ಬಂದು ನಡುವೆ ಕೂತಿತ್ತು. ಉದ್ದ ಸುಮಾರು ಎರಡು ಸಾವಿರ ಅಕ್ಷರ. ಎಸ್‌ವಿಎ ಎಂಬ ಜಾತಿಯ ನೆಗೆಯುವ ಜೀನ್ ಅದು.

ಇಲ್ಲಿ ನಾನು ತುಸು ನಿಲ್ಲಬೇಕು, ಏಕೆಂದರೆ ನನಗೆ ನಿಜವಾದ ಸೋಜಿಗ ಶುರುವಾಗುವುದು ಇಲ್ಲಿ. ನಮ್ಮ ಜೀನೋಮಿನಲ್ಲಿ ಪ್ರೋಟೀನಿಗೆ ಪಾಠ ಹೇಳುವ ಭಾಗ ನೂರಕ್ಕೆ ಎರಡೂ ಇಲ್ಲ. ಹತ್ತಿರಹತ್ತಿರ ಅರ್ಧ ಭಾಗ ಯಾವಾಗಲೋ ನೆಗೆದು ಬಂದು ಕೂತ ಇಂಥ ಅಲೆಮಾರಿಗಳದ್ದು, ಅವುಗಳ ಅವಶೇಷಗಳದ್ದು. ತಾನೇ ತನ್ನ ನಕಲು ಮಾಡಿಕೊಂಡು ಇನ್ನೊಂದು ಜಾಗಕ್ಕೆ ಹೋಗಿ ಸೇರಿಕೊಳ್ಳುವುದೇ ಅವುಗಳ ಕಸುಬು. ಹೆಚ್ಚಿನವು ಎಂದೋ ಸುಸ್ತಾಗಿ ಮಲಗಿವೆ. ಕೆಲವು ಇನ್ನೂ ಓಡಾಡುತ್ತವೆ. ಎಸ್‌ವಿಎ ಅವುಗಳಲ್ಲಿ ಕಿರಿಯದು. ಮನುಷ್ಯ ಮತ್ತು ಗೊರಿಲ್ಲಾ, ಚಿಂಪಾಂಜಿಗಳಂಥ ಹತ್ತಿರದ ನೆಂಟರಲ್ಲಿ ಬಿಟ್ಟರೆ ಇಲಿಯಲ್ಲಿಲ್ಲ, ಹಸುವಿನಲ್ಲಿಲ್ಲ. ಸುಮಾರು ಅರವತ್ತು ಹೆರಿಗೆಗೊಂದರಂತೆ, ತಂದೆತಾಯಿ ಇಬ್ಬರಲ್ಲೂ ಇಲ್ಲದ ಜಾಗದಲ್ಲಿ ಹೊಸದೊಂದು ಎಸ್‌ವಿಎ ಕೂತ ಮಗು ಹುಟ್ಟುತ್ತದೆ ಎಂಬ ಅಂದಾಜಿದೆ. ಬಹುಪಾಲು ಮಕ್ಕಳಿಗೆ ಅದರಿಂದ ಏನೂ ಆಗುವುದಿಲ್ಲ; ಯಾರಿಗೂ ಗೊತ್ತಾಗುವುದೂ ಇಲ್ಲ. ಮಿಲಾಳಲ್ಲಿದ್ದದ್ದು ತಾಯಿಯಿಂದ ಬಂದದ್ದು. ಆ ತಾಯಿ ಊರೆಲ್ಲ ಕೂಗಿ ಹುಡುಕಿಸುತ್ತಿದ್ದ ತಪ್ಪು ಅವರ ಮೈಯ ಕಣಕಣದಲ್ಲೇ ಇತ್ತು, ಅವರಿಗೆ ಒಂದು ದಿನದ ತಲೆನೋವನ್ನೂ ಕೊಡದೆ. ಇನ್ನೊಂದು ಪ್ರತಿ ಸರಿಯಾಗಿತ್ತಲ್ಲ. ತಮ್ಮನನ್ನೂ ಪರೀಕ್ಷಿಸಿದರು. ಅವನಿಗೆ ಕಾಯಿಲೆ ಇರಲಿಲ್ಲ.

ಜೀನ್ ನೆಗೆಯುತ್ತದೆ ಎಂದು ಮೊದಲು ಕಂಡುಕೊಂಡವರು ಬಾರ್ಬರಾ ಮಕ್ಲಿಂಟಾಕ್, 1940ರ ದಶಕದಲ್ಲಿ, ಗೋವಿನಜೋಳದ ತೆನೆಯಲ್ಲಿ. ಕಾಳಿನ ಮೇಲಿನ ನೇರಳೆ ಚುಕ್ಕೆ ಒಂದರಲ್ಲಿ ಹೀಗೆ, ಪಕ್ಕದ್ದರಲ್ಲಿ ಹಾಗೆ ಏಕಿದೆ ಎಂದು ವರ್ಷಗಟ್ಟಲೆ ಲೆಕ್ಕ ಇಟ್ಟವರು. 1951ರಲ್ಲಿ ವಿದ್ವಾಂಸರ ಸಭೆಯಲ್ಲಿ ಹೇಳಿದಾಗ ಕೇಳಿದವರಿಗೆ ತಲೆಬುಡ ತಿಳಿಯಲಿಲ್ಲ. ಆಕೆಗೆ ನೊಬೆಲ್ ಬಂದಾಗ 1983, ವಯಸ್ಸು ಎಂಬತ್ತೊಂದು. ಜೋಳದ ಚುಕ್ಕೆ ಎಣಿಸುವುದರಿಂದ ಏನು ಉಪಯೋಗ ಎಂದು ಅಂದು ಕೇಳಿದ್ದರೆ ಆಕೆಯ ಬಳಿ ಉತ್ತರ ಇರುತ್ತಿರಲಿಲ್ಲ, ಇರಬೇಕಾಗಿಯೂ ಇರಲಿಲ್ಲ. ಅನುದಾನದ ಅರ್ಜಿಯಲ್ಲಿ 'ಸಮಾಜಕ್ಕೆ ಪ್ರಯೋಜನ' ಎಂಬ ಖಾನೆ ಇಟ್ಟವರಿಗೆ ಆ ತೆನೆಗಳನ್ನೊಮ್ಮೆ ತೋರಿಸಬೇಕು ಅನ್ನಿಸುತ್ತದೆ.

ಮಿಲಾಳ ಅಲೆಮಾರಿ ಕೂತ ಜಾಗ ಇನ್ನೂ ಸ್ವಾರಸ್ಯದ್ದು. ಅದು ಜೀನಿನ ಅರ್ಥವತ್ತಾದ ಭಾಗವನ್ನು ಮುಟ್ಟಿರಲೇ ಇಲ್ಲ. ನಮ್ಮ ಜೀನುಗಳ ರಚನೆ ಹರಿಕಥೆಯ ಹಾಗೆ. ಮೂಲಕಥೆ ಸ್ವಲ್ಪ ನಡೆಯುತ್ತದೆ, ದಾಸರು ಉಪಕಥೆಗೆ ಹೊರಳುತ್ತಾರೆ, ಮತ್ತೆ ಮೂಲಕ್ಕೆ ಬರುತ್ತಾರೆ. ಜೀನಿನಲ್ಲಿ ಉಪಕಥೆಗಳೇ ಉದ್ದ. ಕೋಶ ಮೊದಲು ಎಲ್ಲವನ್ನೂ ಆರ್‌ಎನ್‌ಎಗೆ ನಕಲು ಮಾಡಿಕೊಂಡು, ಉಪಕಥೆಗಳನ್ನು ಕತ್ತರಿಸಿ ಬಿಸಾಡಿ, ಮೂಲಕಥೆಯ ತುಂಡುಗಳನ್ನಷ್ಟೇ ಬೆಸೆದು ಪ್ರೋಟೀನ್ ಮಾಡುತ್ತದೆ. ಎಲ್ಲಿ ಹೊರಳಬೇಕು, ಎಲ್ಲಿ ಮರಳಬೇಕು ಎಂಬುದಕ್ಕೆ ಅಕ್ಷರಗಳಲ್ಲೇ ಸನ್ನೆಗಳಿವೆ. ಆರನೇ ತುಂಡಿನ ನಂತರದ ಉಪಕಥೆಯಲ್ಲಿ ಒಂದು ಸುಳ್ಳು ಸನ್ನೆ ತಣ್ಣಗೆ ಮಲಗಿತ್ತು; ನಮ್ಮೆಲ್ಲರಲ್ಲೂ ಅದು ಹಾಗೇ ಮಲಗಿದೆ. ಅಲೆಮಾರಿ ಬಂದು ಪಕ್ಕದಲ್ಲಿ ಕೂತದ್ದೇ ಅದಕ್ಕೆ ಎಚ್ಚರವಾಯಿತು. ಮೂಲಕಥೆ ಬಂತೆಂದು ಭ್ರಮಿಸಿದ ದಾಸರು ಉಪಕಥೆಯ ನಡುವಿನಿಂದಲೇ ಎತ್ತಿಕೊಂಡು, ನಾಲ್ಕು ಮಾತಾಡುವಷ್ಟರಲ್ಲಿ ಮಂಗಳ ಹಾಡಿಬಿಟ್ಟರು. ಅರ್ಧ ಕಥೆಗೆ ಅರ್ಧ ಪ್ರೋಟೀನ್. ಅದು ಕೋಶಕ್ಕೆ ಕೆಲಸಕ್ಕೆ ಬಾರದು.

ಆದರೆ ಮೂಲಕಥೆಯ ಮಾತು ಮಾತೂ ಭದ್ರವಾಗಿತ್ತು. ತಾಯಿಯ ಪ್ರತಿಯಲ್ಲಿ ಒಂದಕ್ಷರವೂ ಕಳೆದಿರಲಿಲ್ಲ. ಸುಳ್ಳು ಸನ್ನೆ ಕಣ್ಣಿಗೆ ಬೀಳದಂತೆ ಮರೆಮಾಡಿದರೆ ಕಥೆ ತನ್ನ ಹಾದಿಗೆ ಬರಬೇಕು. ಯು ಅವರಿಗೆ ಇದು ಹೊಳೆದ ಹೊತ್ತಿಗೆ ಅಂಥದ್ದೊಂದು ಔಷಧಿ ಆಗಷ್ಟೇ ಹೊರಬಂದಿತ್ತು. ಬೆನ್ನುಹುರಿಯ ನರಗಳು ಸಾಯುವ ಎಸ್‌ಎಂಎ ಕಾಯಿಲೆಯ ಮಕ್ಕಳಿಗಾಗಿ ಮಾಡಿದ ನುಸಿನರ್ಸನ್. ಅದೂ ಆರ್‌ಎನ್‌ಎ ಮೇಲೆ ಹೋಗಿ ಅಂಟಿಕೊಂಡು ಒಂದು ಸನ್ನೆಯನ್ನು ಮುಚ್ಚುವ ಸಣ್ಣ ತುಣುಕು, ಹದಿನೆಂಟು ಅಕ್ಷರದ್ದು. ಅಮೆರಿಕದ ಔಷಧ ಇಲಾಖೆ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟದ್ದು 2016ರ ಡಿಸೆಂಬರ್ 23ರಂದು. ಮಿಲಾಳ ಕಾಯಿಲೆಗೆ ಹೆಸರು ಸಿಕ್ಕಿದ್ದೂ ಆ ವರ್ಷದ ಕೊನೆಯಲ್ಲೇ.

ನುಸಿನರ್ಸನ್ ಹಿಂದಿನ ವಿಜ್ಞಾನಿಗಳಲ್ಲಿ ಮುಖ್ಯರಾದ ಏಡ್ರಿಯನ್ ಕ್ರೈನರ್ ಕೆಲಸ ಮಾಡುವುದು ನ್ಯೂಯಾರ್ಕ್ ಸಮೀಪದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ. ಉಪಕಥೆಗಳನ್ನು ಕತ್ತರಿಸುವ ಕ್ರಮವನ್ನು 1977ರಲ್ಲಿ ಕಂಡುಹಿಡಿದ ಇಬ್ಬರಲ್ಲಿ ಒಬ್ಬರಾದ ರಿಚರ್ಡ್ ರಾಬರ್ಟ್ಸ್ ಆಗ ಇದ್ದದ್ದೂ ಅಲ್ಲೇ. ಮಕ್ಲಿಂಟಾಕ್ ತಮ್ಮ ಜೋಳ ಬೆಳೆಸುತ್ತಿದ್ದದ್ದೂ ಅಲ್ಲೇ. ಸಮುದ್ರದ ಒಂದು ಸಣ್ಣ ಕೊಲ್ಲಿಯ ದಡದಲ್ಲಿರುವ ಅದೇ ಆವರಣ. ಕಾಯಿಲೆ ತಂದ ನೆಗೆತ, ಕೆಟ್ಟುಹೋದ ಕತ್ತರಿ, ಕತ್ತರಿಯನ್ನು ದಾರಿಗೆ ತರುವ ಉಪಾಯ, ಮೂರೂ ಒಂದೇ ಅಂಗಳದಲ್ಲಿ ಬೇರೆಬೇರೆ ದಶಕಗಳಲ್ಲಿ, ಬೇರೆಬೇರೆ ಜನರಿಗೆ, ಬೇರೆಬೇರೆ ಕುತೂಹಲದಿಂದ ಗೊತ್ತಾದವು. ಅವರಲ್ಲಿ ಯಾರಿಗೂ ಇನ್ನೂ ಹುಟ್ಟಿರದ ಈ ಹುಡುಗಿಯ ಯೋಚನೆ ಇರಲು ಸಾಧ್ಯವಿರಲಿಲ್ಲ. ಇದನ್ನು ದೈವಸಂಕಲ್ಪ ಎನ್ನಲು ನನಗೆ ಮನಸ್ಸಿಲ್ಲ, ಕಾಕತಾಳೀಯ ಎಂದು ಕೈ ತೊಳೆದುಕೊಳ್ಳಲೂ ಮನಸ್ಸಿಲ್ಲ.

ಮುಂದಿನದು ಓಟ. ಮಿಲಾಳ ಚರ್ಮದ ಒಂದು ಚೂರಿನಿಂದ ಕೋಶಗಳನ್ನು ತಟ್ಟೆಯಲ್ಲಿ ಬೆಳೆಸಿ, ಬೇರೆಬೇರೆ ತುಣುಕುಗಳನ್ನು ಹಾಕಿ ನೋಡಿದರು. ಇಪ್ಪತ್ತೆರಡು ಅಕ್ಷರದ ಒಂದು ತುಣುಕು ಸನ್ನೆಯನ್ನು ಚೆನ್ನಾಗಿ ಮುಚ್ಚಿತು. ಸರಿಯಾದ ಬೆಸುಗೆ ಹೆಚ್ಚಿತು, ಕೋಶದೊಳಗಿನ ಕಸ ತಗ್ಗಿತು. ವಿಷವಾದೀತೇ ಎಂದು ಇಲಿಗಳಲ್ಲಿ ಪರೀಕ್ಷಿಸಿದರು. ಆಸ್ಪತ್ರೆಯ ನೀತಿಸಮಿತಿ, ಎಫ್‌ಡಿಎ ಎರಡೂ ಕಡೆ ಕಾಗದಪತ್ರ ನಡೆಯಿತು. ಹಣವನ್ನು ತಾಯಿ ಜನರಿಂದ ದೇಣಿಗೆ ಎತ್ತಿ ಒಟ್ಟುಮಾಡಿದರು. ಒಂದು ಹೊಸ ಔಷಧಿ ಸಾಮಾನ್ಯವಾಗಿ ಹತ್ತು ವರ್ಷವಾದರೂ ತೆಗೆದುಕೊಳ್ಳುವ ದಾರಿ ಅದು. ತಾಯಿ ಮತ್ತು ಯು ಮೊದಲ ಸಲ ಮಾತಾಡಿದಂದಿನಿಂದ ಹೆಚ್ಚುಕಡಿಮೆ ಒಂದು ವರ್ಷಕ್ಕೆ, 2018ರ ಜನವರಿ 31ರಂದು, ಮಿಲಾಳ ಬೆನ್ನುಹುರಿಯ ದ್ರವಕ್ಕೆ ಸೂಜಿಯ ಮೂಲಕ ಮೊದಲ ಡೋಸ್ ಇಳಿಯಿತು.

ಅಷ್ಟು ಹೊತ್ತಿಗೆ ಅವಳ ಕಣ್ಣು ಹೋಗಿತ್ತು. ಮಾತೂ ನಿಂತಿತ್ತು. ದಿನಕ್ಕೆ 15ರಿಂದ 30 ಸಲ ಫಿಟ್ಸ್ ಬರುತ್ತಿತ್ತು, ಒಂದೊಂದೂ ಒಂದೆರಡು ನಿಮಿಷದ್ದು. ಔಷಧಿ ಶುರುವಾದ ಮೇಲೆ ಅವು ಕಡಿಮೆಯಾದವು, ಬಂದವು ಮೊದಲಿನಷ್ಟು ಹೊತ್ತು ಇರುತ್ತಿರಲಿಲ್ಲ. 2019ರ ಅಕ್ಟೋಬರಿನಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಈ ಪ್ರಯೋಗದ ವಿವರವನ್ನು ಅಚ್ಚುಮಾಡಿತು. ಫಿಟ್ಸ್ ಕಡಿಮೆಯಾದದ್ದಕ್ಕೆ ಅಲ್ಲಿ ಕೊಟ್ಟ ಸಾಕ್ಷಿ ಎರಡು: ಮೆದುಳಿನ ವಿದ್ಯುತ್ ಅಳೆಯುವ ಇಇಜಿ, ಇನ್ನೊಂದು ತಂದೆತಾಯಿ ಬರೆದಿಟ್ಟ ಡೈರಿ. ಸಾವಿರಾರು ರೋಗಿಗಳ ಸರಾಸರಿಗೆ ಹೆಸರಾದ ಪತ್ರಿಕೆಯಲ್ಲಿ, ಮಗುವಿನ ಪಕ್ಕ ಕೂತು ಎಷ್ಟು ಸಲ, ಎಷ್ಟು ಹೊತ್ತು ಎಂದು ಗೀಚಿಕೊಂಡ ಪುಟಗಳಿಗೂ ಪುರಾವೆಯ ಪೀಠ ಸಿಕ್ಕಿತು. ರೋಗಿ ಒಬ್ಬಳೇ ಆದಾಗ ಹೋಲಿಸಲು ಇನ್ನೊಬ್ಬರಿಲ್ಲ. ನಿನ್ನೆಯ ಅವಳನ್ನು ಇಂದಿನ ಅವಳ ಜೊತೆಗೇ ಹೋಲಿಸಬೇಕು. ಅದನ್ನು ಮನೆಯವರಷ್ಟು ಚೆನ್ನಾಗಿ ಯಾರು ಬಲ್ಲರು?

ಮಿಲಾ 2021ರ ಫೆಬ್ರವರಿಯಲ್ಲಿ ತೀರಿಕೊಂಡಳು. ಹತ್ತು ವರ್ಷವಾಗಿತ್ತು. ಔಷಧಿ ಸುಳ್ಳಾಗಿರಲಿಲ್ಲ, ಅದು ತಲುಪುವ ಹೊತ್ತಿಗೆ ಸತ್ತ ನರಕೋಶಗಳನ್ನು ಬದುಕಿಸುವುದು ಅದರ ಕೈಯಲ್ಲಿರಲಿಲ್ಲ. ಹಿಂದಿನ ತಿಂಗಳಷ್ಟೇ ಎಫ್‌ಡಿಎ, ಒಬ್ಬಿಬ್ಬರು ರೋಗಿಗಳಿಗಾಗಿಯೇ ಇಂಥ ಔಷಧಿ ಮಾಡುವವರು ಹೇಗೆ ನಡೆದುಕೊಳ್ಳಬೇಕು ಎಂಬ ಕರಡು ಮಾರ್ಗಸೂಚಿ ಹೊರಡಿಸಿತ್ತು. ಈ ಕಥೆಯನ್ನು ಹೇಳಿದಾಗ ಕೆಲವರು ಇಲ್ಲಿಗೆ ಬಂದು ನಿಟ್ಟುಸಿರು ಬಿಟ್ಟು, ಅಷ್ಟೆಲ್ಲ ಮಾಡಿಯೂ ಇಷ್ಟೇನಾ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೆರಗು ಎಂಬುದು ಗೆದ್ದವರ ಪಾಲಿಗೆ ಮಾತ್ರ ಮೀಸಲೇ? 300 ಕೋಟಿ ಅಕ್ಷರಗಳ ನಡುವೆ ಒಂದು ಮಗುವಿನ ಕಣ್ಣು ಹೋದದ್ದು ಯಾವ ಅಕ್ಷರದ ಪಕ್ಕ ಎಂದು ಬೆರಳಿಟ್ಟು ತೋರಿಸಬಹುದು, ಅಲ್ಲಿಗೆ ಮಾತ್ರ ಹೋಗಿ ಅಂಟುವ ಇನ್ನೊಂದು ಸಾಲನ್ನು ವರ್ಷದೊಳಗೆ ಬರೆಯಬಹುದು ಎಂಬುದು ಆ ಸಾವಿನಿಂದ ಅಳಿಸಿಹೋಗುವುದಿಲ್ಲ. ಸಾವು ಚಿಕ್ಕದೂ ಆಗುವುದಿಲ್ಲ. ಎರಡೂ ಅಕ್ಕಪಕ್ಕ ಇರುತ್ತವೆ, ಒಂದು ಇನ್ನೊಂದಕ್ಕೆ ಜಾಗ ಬಿಟ್ಟುಕೊಡದೆ.

ಈ ದಾರಿ ಹೂವಿನ ಹಾಸಿಗೆಯೇನಲ್ಲ ಎಂಬುದನ್ನೂ ಮುಚ್ಚಿಡಬಾರದು. ಯು ಅವರ ತಂಡವೇ ಇನ್ನೊಂದು ಬಗೆಯ ತೀವ್ರ ಅಪಸ್ಮಾರಕ್ಕೆ ಮಾಡಿದ ಔಷಧಿ ಪಡೆದ ಇಬ್ಬರು ಮಕ್ಕಳಿಗೆ ಮೆದುಳಿನಲ್ಲಿ ನೀರು ತುಂಬಿತು; ಒಂದು ಮಗು ಉಳಿಯಲಿಲ್ಲ. ಅದನ್ನು ಅವರು ತಾವೇ ವೈದ್ಯಲೋಕದ ಮುಂದೆ ಹೇಳಿದರು. ಒಬ್ಬರಿಗಾಗಿ ಮಾಡಿದ ಔಷಧಿಯ ಅಡ್ಡಪರಿಣಾಮ ಏನೆಂದು ಆ ಒಬ್ಬರಿಗೆ ಕೊಟ್ಟ ಮೇಲೆಯೇ ಪೂರ್ತಿ ಗೊತ್ತಾಗುವುದು. ಇನ್ನೊಂದು ಕಡೆ, ಅಟಾಕ್ಸಿಯಾ ಟೆಲಾಂಜಿಯೆಕ್ಟೇಸಿಯಾ ಎಂಬ ನರಕ್ಷಯದ ಕಾಯಿಲೆಯಿದ್ದ ಪುಟ್ಟ ಮಗುವಿಗೆ ಹಾನಿ ಬಲಿಯುವ ಮೊದಲೇ ಇಂಥದ್ದೇ ತುಣುಕನ್ನು ಕೊಡಲು ಶುರುಮಾಡಿದ್ದಾರೆ. ಫಿಲಡೆಲ್ಫಿಯಾ ಮಕ್ಕಳ ಆಸ್ಪತ್ರೆಯಲ್ಲಿ ರೆಬೆಕಾ ಅಹ್ರೆನ್ಸ್-ನಿಕ್ಲಾಸ್ ಮತ್ತು ಕಿರಣ್ ಮುಸುನೂರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 2024ರ ಆಗಸ್ಟಿನಲ್ಲಿ ಹುಟ್ಟಿದ ಒಂದು ಗಂಡುಮಗುವಿನ ರಕ್ತದಲ್ಲಿ ಅಮೋನಿಯಾ ಏರುತ್ತಿತ್ತು. ಯಕೃತ್ತಿನ ಒಂದು ಕಿಣ್ವ ಕೆಟ್ಟಿತ್ತು. ತಪ್ಪಿದ ಅಕ್ಷರವನ್ನೇ ತಿದ್ದುವ ಸಾಧನವನ್ನು ಅವನೊಬ್ಬನಿಗಾಗಿ ರೂಪಿಸಿ 2025ರ ಫೆಬ್ರವರಿಯಲ್ಲಿ ಕೊಟ್ಟರು. ಮಗು ಆಸ್ಪತ್ರೆಯಿಂದ ಮನೆಗೆ ಹೋಯಿತು.

ನಮ್ಮ ಕಡೆಯಿಂದ ಇದನ್ನೆಲ್ಲ ನೋಡುವಾಗ ಬೆರಗಿನ ಜೊತೆ ಒಂದು ಮುಳ್ಳೂ ಚುಚ್ಚುತ್ತದೆ. ಸಾಗರ ತಾಲೂಕಿನ ಹಂದಿಗೋಡಿನ ಹೆಸರೇ ಅಂಟಿದ ಕಾಯಿಲೆಯೊಂದು 1970ರ ದಶಕದಲ್ಲಿ ಬೆಳಕಿಗೆ ಬಂತು. ವಂಶದಲ್ಲಿ ಹರಿದುಬರುವ ಅದು ದಲಿತ ಕುಟುಂಬಗಳ ಸೊಂಟ, ಮಂಡಿಗಳನ್ನು ಹಿಡಿದು ಜನರನ್ನು ನಡೆಯದಂತೆ ಮಾಡಿತು. ತಂಡಗಳು ಬಂದವು, ರಕ್ತ ತೆಗೆದವು, ವರದಿಗಳಾದವು. ಬುಡದಿಂದ ವಾಸಿಮಾಡುವ ಮದ್ದು ಮಾತ್ರ ಬಂದಿಲ್ಲ. ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಈಗ ರೋಗಿಯೊಬ್ಬರಿಗೆ 50 ಲಕ್ಷ ರೂಪಾಯಿವರೆಗೆ ನೆರವು ಸಿಗಬಹುದು. ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಅದಕ್ಕೆ ಗೊತ್ತುಪಡಿಸಿದ ಕೇಂದ್ರ. ಅಲ್ಲಿನ ವೈದ್ಯರ ಕೆಲಸ ದೊಡ್ಡದು. ಆದರೆ ವರ್ಷವರ್ಷವೂ ಕೋಟಿ ಬೇಡುವ ಔಷಧಿಯ ಮುಂದೆ 50 ಲಕ್ಷ ಎಷ್ಟು ದಿನಕ್ಕೆ ಬಂದೀತು? ಒಬ್ಬಳಿಗೆ ಅಷ್ಟೊಂದು ಏಕೆ ಎಂಬ ಪ್ರಶ್ನೆ ನನ್ನದಲ್ಲ. ಉಳಿದವರಿಗೆ ಯಾವಾಗ ಎಂಬುದು ನನ್ನ ಪ್ರಶ್ನೆ.

ಯು ಅವರ ತಂಡ ಇದಕ್ಕೆ ಒಂದು ಲೆಕ್ಕ ಹಾಕಲು ನೋಡಿದೆ. ಅಟಾಕ್ಸಿಯಾದ ಅದೇ ಕಾಯಿಲೆಯಿರುವ 235 ಜನರ ಜೀನೋಮುಗಳನ್ನು ಪೂರ್ತಿ ಓದಿ 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬರೆದರು. ಸನ್ನೆ ಮುಚ್ಚುವ ಉಪಾಯ ನೂರಕ್ಕೆ ಒಂಬತ್ತು ಮಂದಿಗೆ ಬಹುಶಃ ಫಲಿಸೀತು, ಇನ್ನು ಆರು ಮಂದಿಗೆ ಫಲಿಸಿದರೂ ಫಲಿಸಬಹುದು. ಉಳಿದವರಲ್ಲಿ ಮೂಲಕಥೆಯೇ ಹರಿದುಹೋಗಿದೆ. ಅವರಿಗೆ ಬೇರೆ ಉಪಾಯ ಬೇಕು. ಯಾರು ಯಾವ ಗುಂಪು ಎಂಬುದು ಎಷ್ಟು ಬೇಗ ಗೊತ್ತಾದರೆ ಅಷ್ಟು ಒಳ್ಳೆಯದು, ಅದಕ್ಕೇ ಈಗ ಹುಟ್ಟಿದ ಕೂಡಲೇ ಓದಿಬಿಡೋಣ ಎಂಬ ಯೋಜನೆಗಳು ಶುರುವಾಗಿವೆ. ಇಂಗ್ಲೆಂಡಿನಲ್ಲಿ ಒಂದು ಲಕ್ಷ ನವಜಾತ ಶಿಶುಗಳ ಜೀನೋಮ್ ಓದುವ ಕೆಲಸ ನಡೆದಿದೆ. ಸಾಮಾನ್ಯವಾಗಿ ಮಾಸುವಿನ ಜೊತೆ ಎಸೆಯುವ ಹೊಕ್ಕುಳಬಳ್ಳಿಯ ರಕ್ತವೇ ಅದಕ್ಕೆ ಸಾಕು. ಅಲ್ಲಿ ಯಂತ್ರ ಹುಡುಕುವುದು ಈಗಾಗಲೇ ಗೊತ್ತಿರುವ ತಪ್ಪುಗಳ ಪಟ್ಟಿ ಹಿಡಿದು. ಮಿಲಾಳ ಉಪಕಥೆಯಲ್ಲಿ ಕೂತಿದ್ದಂಥ ಅಲೆಮಾರಿ ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಪ್ರತಿಯೊಂದೂ ತನ್ನ ಜಾಗಕ್ಕೆ ಹೊಸದು. ಗೆರೆಗಳು ಎಲ್ಲಿ ಅರ್ಧಕ್ಕೆ ದಾರಿ ತಪ್ಪಿವೆ ಎಂದು ಕೂತು ನೋಡುವ ಕಣ್ಣುಗಳನ್ನು ಲಕ್ಷ ಮಕ್ಕಳಿಗೆ ಎಲ್ಲಿಂದ ತರುವುದು, ಅಥವಾ ಆ ನೋಟವನ್ನು ಯಂತ್ರಕ್ಕೇ ಹೇಗೆ ಕಲಿಸುವುದು ಎಂಬುದರ ಮೇಲೆ ಈಗ ಬೇರೆಬೇರೆ ಊರಿನ ಪ್ರಯೋಗಾಲಯಗಳಲ್ಲಿ ಜನ ತಲೆಕೆಡಿಸಿಕೊಂಡು ಕೂತಿದ್ದಾರೆ.